ಪಂಚಾಕ್ಷರಿ ಗವಾಯಿಗಳು: ಕಣ್ಣಿಲ್ಲದವರ ಕೈಗೆ ಕೆಲಸ

ಈ ಸಲದ ಸಂಚಿಕೆಗೆ ಕೌಶಲ ಮತ್ತು ಉದ್ಯೋಗ ಎಂಬ ವಿಷಯ ಕೊಟ್ಟು, ಅದಕ್ಕೆ ಹೊಂದುವ ಒಬ್ಬ ಹಿರಿಯರ ಜೀವನ ಬರೆಯಿರಿ ಎಂದಾಗ ನಮ್ಮ ತರಗತಿಯಲ್ಲಿ ಹೆಚ್ಚಿನವರು ವಿಶ್ವೇಶ್ವರಯ್ಯನವರ ಹೆಸರು ಬರೆಸಿದರು. ಇಬ್ಬರು ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನು ಆರಿಸಿಕೊಂಡರು. ನಾನು ಗದುಗಿನ ಪಂಚಾಕ್ಷರಿ ಗವಾಯಿಗಳ ಹೆಸರು ಹೇಳಿದಾಗ ಗೆಳತಿಯರು ನಕ್ಕರು. ಅವರು ಹಾಡುವವರು, ಉದ್ಯೋಗಕ್ಕೂ ಅವರಿಗೂ ಏನು ಸಂಬಂಧ ಎಂದು ಕೇಳಿದರು. ಅವತ್ತು ಉತ್ತರ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಈಗ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಂಗೀತ ಬರುವುದಿಲ್ಲ. ಒಂದು ರಾಗವನ್ನೂ ಗುರುತಿಸಲಾರೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಆದ್ದರಿಂದ ಯಾರು ದುಡ್ಡು ಕೊಟ್ಟರು, ಯಾರು ಊಟ ಹಾಕಿದರು, ಯಾರು ಜಾಗ ಕೊಟ್ಟರು, ಕಲಿತ ಹುಡುಗರು ಮುಂದೆ ಏನು ಮಾಡಿ ಬದುಕಿದರು ಎಂಬ ಕಡೆಗೇ ನನ್ನ ಗಮನ ಹೋಯಿತು. ನಮ್ಮ ಮನೆಮಾತು ಉರ್ದು. ಗವಾಯಿ ಎಂಬ ಹೆಸರು ಕೇಳಿ ನಮ್ಮ ದಾದಿ, ಇದು ನಮ್ಮ ಗವಯ್ಯಾ ಅನ್ನೋ ಮಾತೇ ಅಲ್ಲವಾ ಎಂದರು. ಹೌದು, ಹಾಡುವವನು ಎಂದೇ ಅರ್ಥ. ಆ ಮಾತು ಎಷ್ಟು ದೂರದಿಂದ ನಮ್ಮ ಧಾರವಾಡ ಸೀಮೆಗೆ ಬಂತು ಎಂಬುದಕ್ಕೂ ಈ ಕಥೆಗೂ ಸಂಬಂಧವಿದೆ, ಮುಂದೆ ಹೇಳುತ್ತೇನೆ.

ಗವಾಯಿಗಳು ಹುಟ್ಟಿದ್ದು 1892ರ ಫೆಬ್ರುವರಿ 2ರಂದು, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಈಗ ಅದು ಹಾವೇರಿ ಜಿಲ್ಲೆ. 1997ರವರೆಗೆ ಧಾರವಾಡ ಜಿಲ್ಲೆಯೇ ಆಗಿತ್ತು, ಅಂದರೆ ನಮ್ಮದೇ ಜಿಲ್ಲೆ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮನೆಯವರು ಇಟ್ಟ ಹೆಸರು ಗದಿಗೆಯ್ಯ. ಹುಡುಗನಿಗೆ ಕಣ್ಣು ಕಾಣುತ್ತಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಕಾಣುತ್ತಿರಲಿಲ್ಲ. ಬಡ ಮನೆ, ಇಬ್ಬರು ಗಂಡುಮಕ್ಕಳು, ಇಬ್ಬರೂ ಕುರುಡರು. ಆ ಕಾಲದ ಒಂದು ಹಳ್ಳಿಯಲ್ಲಿ ಆ ತಾಯಿಗೆ ರಾತ್ರಿ ಹೇಗೆ ನಿದ್ದೆ ಬಂದೀತು ಎಂದು ಯೋಚಿಸಿ ನೋಡಿ. ಹೊಲದ ಕೆಲಸ ಮಾಡಲು ಆಗದು, ಅಕ್ಷರ ಕಲಿಸುವ ಶಾಲೆ ಇವರನ್ನು ಸೇರಿಸಿಕೊಳ್ಳದು. ಇಂಥ ಮಕ್ಕಳಿಗೆ ಆಗ ಉಳಿದಿದ್ದ ದಾರಿ ಒಂದೇ: ಮನೆ ಮನೆಯ ಮುಂದೆ ನಿಂತು ಪದ ಹಾಡಿ, ಜೋಳಿಗೆಗೆ ಬಿದ್ದಷ್ಟು ಕಾಳು ತರುವುದು.

ಅಣ್ಣತಮ್ಮ ಇಬ್ಬರೂ ಚೆನ್ನಾಗಿ ಹಾಡುತ್ತಿದ್ದರು. ಕೇಳಿದ ಪದ ಮರೆಯುತ್ತಿರಲಿಲ್ಲ. ಅದು ಹಾನಗಲ್ಲಿನ ಕುಮಾರ ಸ್ವಾಮಿಗಳ ಕಿವಿಗೆ ಬಿತ್ತು. ಈ ಸ್ವಾಮಿಗಳು 1909ರಲ್ಲಿ ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರ ಕಟ್ಟಿದವರು. ಹುಡುಗರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಗದಿಗೆಯ್ಯ ಪಂಚಾಕ್ಷರಿ ಆದದ್ದು ಅಲ್ಲಿಯೇ.

ಇಲ್ಲಿಯವರೆಗಿನದು ಎಲ್ಲರೂ ಹೇಳುವ ಕಥೆ. ನನಗೆ ಮುಖ್ಯ ಅನಿಸಿದ್ದು ಇದರ ಮುಂದಿನ ಹೆಜ್ಜೆ. ಕುರುಡ ಹುಡುಗನಿಗೆ ಎರಡು ಹೊತ್ತು ಊಟ ಹಾಕಿ ಮಠದ ಮೂಲೆಯಲ್ಲಿ ಕೂಡಿಸಿದ್ದರೂ ಊರವರು ಸ್ವಾಮಿಗಳನ್ನು ಹೊಗಳುತ್ತಿದ್ದರು. ಅವರು ಅಷ್ಟಕ್ಕೆ ನಿಲ್ಲಲಿಲ್ಲ. ಹುಡುಗನನ್ನು ಸಂಗೀತ ಕಲಿಯಲು ಕಳಿಸಿದರು. ಮೈಸೂರಿನಲ್ಲಿ ನಾಲ್ಕು ವರ್ಷ ಕರ್ನಾಟಕ ಸಂಗೀತದ ಪಾಠ ಆಯಿತು. ಹಾನಗಲ್ಲಿನಿಂದ ಮೈಸೂರು ಆ ದಿನಗಳಲ್ಲಿ ಬೇರೆ ರಾಜ್ಯ, ಬೇರೆ ಅರಸು. ಒಬ್ಬ ಕುರುಡ ಬಾಲಕನ ಮೇಲೆ ಇಷ್ಟು ವರ್ಷ, ಇಷ್ಟು ದುಡ್ಡು ಹಾಕಿದರೆ ಅದರಿಂದ ಏನು ಬರುತ್ತದೆ ಎಂದು ಮಠಕ್ಕೆ ದಾನ ಕೊಡುತ್ತಿದ್ದವರಲ್ಲಿ ಯಾರಾದರೂ ಕೇಳಿಯೇ ಇರಬೇಕು. ನಾನಾಗಿದ್ದರೆ ಕೇಳುತ್ತಿದ್ದೆ.

ಆಮೇಲೆ ಹಿಂದೂಸ್ತಾನಿ ಸಂಗೀತ. ಅದನ್ನು ಕಲಿಸಿದವರಲ್ಲಿ ದೊಡ್ಡ ಹೆಸರು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನ್ ಸಾಹೇಬರದು. ಕಿರಾನಾ ಎಂದರೆ ಉತ್ತರ ಪ್ರದೇಶದ ಕೈರಾನಾ ಎಂಬ ಊರು. ಅಲ್ಲಿಯ ಮನೆತನಗಳ ಗಾಯನವೇ ನಮ್ಮ ಕಡೆಗೆ ಬಂದು ನೆಲೆಸಿತು. ಕುಂದಗೋಳದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಮನೆತನದ ಅಬ್ದುಲ್ ಕರೀಮ್ ಖಾನ್ ಸಾಹೇಬರು ನಮ್ಮ ಊರಿಗೆ, ನಾಡಗೀರರ ವಾಡೆಗೆ ಬಂದು ಉಳಿಯುತ್ತಿದ್ದರು. ಅವರ ಹತ್ತಿರ ಕಲಿತ ರಾಮಭಾವು ಕುಂದಗೋಳಕರ ಮುಂದೆ ಸವಾಯಿ ಗಂಧರ್ವ ಆದರು. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಆ ವಾಡೆಯ ಮುಂದೆ ನಾವು ದಿನಾ ಓಡಾಡುತ್ತೇವೆ.

ವಹೀದ್ ಖಾನ್ ಸಾಹೇಬರ ವಿಷಯದಲ್ಲಿ ಇನ್ನೊಂದು ಮಾತು. ಅವರಿಗೆ ಕಿವಿ ಮಂದವಾಗಿತ್ತು. ಜನ ಅವರನ್ನು ಬೆಹರೆ ವಹೀದ್ ಖಾನ್ ಎಂದೇ ಕರೆಯುತ್ತಿದ್ದರು. ಬೆಹರಾ ಎಂದರೆ ಕಿವುಡ. ಕಿವಿ ಮಂದವಾದ ಉಸ್ತಾದ್, ಕಣ್ಣು ಕಾಣದ ಶಿಷ್ಯ. ಇದನ್ನು ಓದಿದ ದಿನ ನಾನು ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಅಬ್ಬಾ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಠದ ಹುಡುಗನಿಗೆ ಖಾನ್ ಸಾಹೇಬರು ಕಲಿಸಿದಾಗ ಯಾರೂ ಬೇಡ ಅನ್ನಲಿಲ್ಲವಾ ಎಂದು ಕೇಳಿದರು. ಪಾಠ ನಡೆಯಿತು, ವಿದ್ಯೆ ದಾಟಿತು, ಅಷ್ಟು ಮಾತ್ರ ನಾನು ಹೇಳಬಲ್ಲೆ.

ಇಷ್ಟು ಕಲಿತ ಮೇಲೆ ಗವಾಯಿಗಳ ಮುಂದೆ ಒಂದು ಸುಲಭದ ದಾರಿ ಇತ್ತು. ಎರಡೂ ಪದ್ಧತಿಯ ಸಂಗೀತ ಗೊತ್ತು, ತಬಲಾ ಮೊದಲಾದ ವಾದ್ಯ ಗೊತ್ತು. ಮೈಸೂರು, ಕೊಲ್ಹಾಪುರ, ಮಿರಜ, ಸಾಂಗ್ಲಿ, ರಾಮದುರ್ಗ, ಎಲ್ಲ ಕಡೆ ಸಂಗೀತ ಕೇಳುವ ಅರಸರು, ಶ್ರೀಮಂತರು ಇದ್ದರು. ಒಂದು ಆಸ್ಥಾನ ಹಿಡಿದಿದ್ದರೆ ಜೀವನ ನೆಮ್ಮದಿಯಾಗಿ ಕಳೆಯುತ್ತಿತ್ತು. ಅವರು ಹುಡುಗರನ್ನು ಕೂಡಿಸಿಕೊಂಡರು. ಕಣ್ಣಿಲ್ಲದವರು, ತಂದೆತಾಯಿ ಇಲ್ಲದವರು, ಮನೆಯಲ್ಲಿ ಉಣ್ಣಲು ಇಲ್ಲದವರು. ಅವರಿಗೆ ಊಟ, ವಸತಿ, ಸಂಗೀತ ಮೂರನ್ನೂ ಕೊಡುವ ಶಾಲೆ ಶುರುವಾಯಿತು. ಫೀ ಇಲ್ಲ.

ಮೊದಲು ಆ ಶಾಲೆಗೆ ಒಂದು ಊರು ಎಂಬುದು ಇರಲಿಲ್ಲ. ಗುರುಗಳು ಎಲ್ಲಿಗೆ ಹೋದರೆ ಶಿಷ್ಯರೂ ಅಲ್ಲಿಗೆ. ಒಂದು ಊರಿನ ಮಠದಲ್ಲೋ ಗುಡಿಯಲ್ಲೋ ಇಳಿದುಕೊಳ್ಳುವುದು, ಅಲ್ಲಿ ಪಾಠ, ರಾತ್ರಿ ಕೀರ್ತನೆ ಅಥವಾ ಹಾಡಿಕೆ, ಊರವರು ಕೊಟ್ಟ ಜೋಳ ಬೇಳೆಯಿಂದ ಊಟ, ಮತ್ತೆ ಮುಂದಿನ ಊರು. ಇದನ್ನು ಸಂಚಾರಿ ಪಾಠಶಾಲೆ ಎಂದು ದೊಡ್ಡ ಹೆಸರಿನಲ್ಲಿ ಬರೆಯುತ್ತಾರೆ. ಆದರೆ ಮಳೆಗಾಲದ ಎರೆ ಮಣ್ಣಿನ ಹಾದಿಯಲ್ಲಿ ಕಣ್ಣು ಕಾಣದ ಮಕ್ಕಳು ಹಾರ್ಮೋನಿಯಂ, ತಬಲಾ ಹೊತ್ತುಕೊಂಡು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ನಡೆದದ್ದನ್ನು ನೆನೆದರೆ ಅದು ಎಂಥ ಶಾಲೆ ಎಂದು ತಿಳಿಯುತ್ತದೆ. ನಮ್ಮ ಕಡೆಯ ಎರೆ ಮಣ್ಣು ಚಪ್ಪಲಿಯನ್ನೇ ಬಿಡುವುದಿಲ್ಲ.

ಪಾಠ ಹೇಗೆ ನಡೆಯುತ್ತಿತ್ತು ಎಂಬುದೂ ತಿಳಿಯಬೇಕಾದದ್ದು. ಲೂಯಿ ಬ್ರೈಲ್ ಫ್ರಾನ್ಸಿನಲ್ಲಿ ಚುಕ್ಕೆ ಲಿಪಿ ಮಾಡಿ 1852ರಲ್ಲೇ ತೀರಿಕೊಂಡಿದ್ದರು. ಆದರೆ ಭಾರತದ ಎಲ್ಲ ಭಾಷೆಗಳಿಗೂ ಹೊಂದುವ ಒಂದೇ ಭಾರತಿ ಬ್ರೈಲ್ ಸಿದ್ಧವಾದದ್ದು 1951ರಲ್ಲಿ, ಗವಾಯಿಗಳು ತೀರಿಕೊಂಡು ಏಳು ವರ್ಷ ಕಳೆದ ಮೇಲೆ. ಆದ್ದರಿಂದ ಪಾಠ ಬಾಯಿಂದ ಕಿವಿಗೆ. ಗುರು ಹೇಳುವುದು, ಶಿಷ್ಯ ತಿರುಗಿ ಹೇಳುವುದು, ತಪ್ಪಿದರೆ ಮತ್ತೆ. ತಬಲಾ ಆದರೆ ಗುರುವಿನ ಕೈ ಶಿಷ್ಯನ ಬೆರಳನ್ನು ಹಿಡಿದು ಇಲ್ಲಿ ಹೊಡೆಯಬೇಕು ಎಂದು ತೋರಿಸಬೇಕು. ಗುರುವಿಗೂ ಕಣ್ಣಿಲ್ಲ ಎಂಬುದನ್ನು ಮರೆಯಬೇಡಿ.

ನಮ್ಮ ಮನೆಗಳಲ್ಲಿ ಈ ಪದ್ಧತಿ ಹೊಸದಲ್ಲ. ಕಣ್ಣು ಕಾಣದ ಮಕ್ಕಳು ಕೇಳಿ ಕೇಳಿಯೇ ಕುರಾನನ್ನು ಪೂರ್ತಿ ಬಾಯಿಪಾಠ ಮಾಡಿ ಹಾಫಿಜ್ ಆಗುತ್ತಾರೆ, ಮಕ್ಕಳಿಗೆ ಕಲಿಸಿ ಗೌರವದಿಂದ ಬದುಕುತ್ತಾರೆ. ಹಜರತ್ ಅಬ್ದುಲ್ಲಾ ಇಬ್ನ್ ಉಮ್ಮ್ ಮಕ್ತೂಮ್ ಅವರಿಗೆ ಕಣ್ಣಿರಲಿಲ್ಲ, ಮದೀನಾದಲ್ಲಿ ಅಜಾನ್ ಕೊಡುವ ಕೆಲಸ ಅವರಿಗೂ ಇತ್ತು ಎಂದು ನಾವೆಲ್ಲ ಮದ್ರಸಾದಲ್ಲಿ ಕಲಿತಿದ್ದೇವೆ. ನಾನು ಅದನ್ನು ಇಷ್ಟು ದಿನ ಒಂದು ಒಳ್ಳೆಯ ಕಥೆ ಎಂದು ಕೇಳುತ್ತಿದ್ದೆ. ಗವಾಯಿಗಳ ಬಗ್ಗೆ ಓದುವಾಗ ಅದು ಒಂದು ನೇಮಕಾತಿ ಎಂಬಂತೆ ಕಂಡಿತು. ಕಣ್ಣಿಲ್ಲದ ಒಬ್ಬರಿಗೆ ಇಡೀ ಊರು ದಿನಾ ಕಾಯುವ ಕೆಲಸ ಕೊಟ್ಟಿದ್ದರು.

ಇನ್ನು ಉದ್ಯೋಗದ ಮಾತಿಗೆ ಬರುತ್ತೇನೆ. ಗೆಳತಿಯರು ಕೇಳಿದ್ದು ಇದನ್ನೇ.

ಆ ಕಾಲದಲ್ಲಿ ಹಾಡು, ವಾದ್ಯ ಕಲಿತವನಿಗೆ ನಮ್ಮ ಕಡೆ ಕೆಲಸ ಇತ್ತು. ಉತ್ತರ ಕರ್ನಾಟಕದಲ್ಲಿ ನಾಟಕ ಕಂಪನಿಗಳು ತುಂಬಿದ್ದವು. ಒಂದೊಂದು ಕಂಪನಿಗೂ ಹಾರ್ಮೋನಿಯಂ ನುಡಿಸುವವರು ಬೇಕು, ತಬಲಾದವರು ಬೇಕು, ಹಾಡುವ ನಟರು ಬೇಕು. ಮಠಗಳಲ್ಲಿ ಪುರಾಣ ನಡೆದರೆ ಗವಾಯಿಗಳು, ತಬಲಾ ವಾದಕರು ಬೇಕು. ಇಂದಿಗೂ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಶ್ರಾವಣದ ಪುರಾಣದ ಚೀಟಿ ನೋಡಿದರೆ ಕೆಳಗೆ ಸಂಗೀತ ಸೇವೆ, ತಬಲಾ ಸಾಥ್ ಎಂದು ಹೆಸರು ಇರುತ್ತದೆ. ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳಲು ಮಾಸ್ತರು ಬೇಕು. ಕಣ್ಣು ಕಾಣದವನು ಮಾಡಬಲ್ಲ, ಯಾರೂ ಭಿಕ್ಷೆ ಎನ್ನಲಾಗದ ಕೆಲಸಗಳು ಇವು. ಗವಾಯಿಗಳ ಶಾಲೆಯಲ್ಲಿ ಹಾಡಿಕೆ ಒಂದೇ ಇರಲಿಲ್ಲ, ವಾದ್ಯಗಳೂ ಇದ್ದವು, ಕೀರ್ತನೆಯೂ ಇತ್ತು. ಕಂಠ ಒಳ್ಳೆಯದಿಲ್ಲದ ಹುಡುಗನಿಗೂ ಕೈ ಇರುತ್ತದೆ. ಈಗಿನ ಭಾಷೆಯಲ್ಲಿ ಇದನ್ನು ಮಾರುಕಟ್ಟೆಗೆ ಬೇಕಾದ ಕೌಶಲ ಎನ್ನುತ್ತಾರೆ.

ಆಮೇಲೆ ಆ ಮಾರುಕಟ್ಟೆಯೇ ಅಲುಗಾಡಿತು. 1931ರಲ್ಲಿ ಹಿಂದಿಯ ಆಲಂ ಆರಾ, 1934ರಲ್ಲಿ ಕನ್ನಡದ ಸತಿ ಸುಲೋಚನ ಬಂದವು. ಮಾತಾಡುವ, ಹಾಡುವ ಸಿನಿಮಾ ಊರಿಗೆ ಬಂದ ಮೇಲೆ ನಾಟಕ ಕಂಪನಿಗಳು ಒಂದೊಂದಾಗಿ ಸೊರಗಿದವು. ಹಾಡುವ ನಟರು, ವಾದ್ಯದವರು ಕೆಲಸ ಕಳೆದುಕೊಂಡರು. ಹತ್ತಿ ಗಿರಣಿ ಮುಚ್ಚಿದರೆ ಕೆಲಸಗಾರರಿಗೆ ಆಗುವುದೇ ಇವರಿಗೂ ಆಯಿತು. ಗವಾಯಿಗಳು ತಮ್ಮ ಗುರು ಕುಮಾರೇಶ್ವರರ ಹೆಸರಿನಲ್ಲಿ ತಾವೇ ಒಂದು ನಾಟಕ ಮಂಡಳಿ ಕಟ್ಟಿ ನಡೆಸಿದರು. ಶಾಲೆಯ ಮಕ್ಕಳಿಗೆ ಅದರಲ್ಲಿ ಕೆಲಸ, ಅದರ ಗಳಿಕೆಯಿಂದ ಶಾಲೆಗೆ ಊಟ. ಕಂಪನಿ ನಡೆಸುವುದು ಎಂದರೆ ಸಾಲ, ಸಾಮಾನು, ಟೆಂಟು, ಮಳೆ ಬಂದರೆ ನಷ್ಟ. ಸನ್ಯಾಸಿಯಂತೆ ಬದುಕಿದ ಮನುಷ್ಯ ಇದನ್ನೆಲ್ಲ ಮೈಮೇಲೆ ಎಳೆದುಕೊಂಡದ್ದು ಕಲೆಯ ಪ್ರೀತಿಗೆ ಮಾತ್ರ ಎಂದು ನನಗೆ ಅನಿಸುವುದಿಲ್ಲ. ಮಕ್ಕಳ ಊಟದ ಲೆಕ್ಕ ಅವರ ತಲೆಯಲ್ಲಿ ಇತ್ತು.

1930ರಲ್ಲಿ ಕುಮಾರ ಸ್ವಾಮಿಗಳು ತೀರಿಕೊಂಡಿದ್ದರು. ಕೈ ಹಿಡಿದು ನಡೆಸಿದ ಗುರು ಇಲ್ಲ, ಮಕ್ಕಳು ಮಾತ್ರ ಹೆಚ್ಚುತ್ತಲೇ ಇದ್ದಾರೆ. ಆಗ ನೆರವಿಗೆ ಬಂದ ಊರು ಗದಗ. ಹತ್ತಿ ವ್ಯಾಪಾರದ ಊರು, ರೈಲು ಜಂಕ್ಷನ್, ಕೈಯಲ್ಲಿ ಸ್ವಲ್ಪ ದುಡ್ಡಿದ್ದ ವರ್ತಕರ ಊರು. ಅಲ್ಲಿಯ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟು ನೆಲೆ ಮಾಡಿಕೊಟ್ಟರು. ಅದೇ ವೀರೇಶ್ವರ ಪುಣ್ಯಾಶ್ರಮ. ಅಲೆಯುತ್ತಿದ್ದ ಶಾಲೆಗೆ ಒಂದು ವಿಳಾಸ ಸಿಕ್ಕಿತು.

ಲಾಭೋದ್ದೇಶವಿಲ್ಲದ ಸಂಸ್ಥೆಗಳ ಲೆಕ್ಕಪತ್ರ ಎಂಬ ಪಾಠ ಇದೆ. ಸ್ವೀಕೃತಿ, ಪಾವತಿ, ದೇಣಿಗೆ, ಉಯಿಲಿನಿಂದ ಬಂದ ಆಸ್ತಿ. ಆ ಪಾಠ ಓದುವಾಗ ನಾನು ಪುಣ್ಯಾಶ್ರಮದ ಲೆಕ್ಕವನ್ನು ಮನಸ್ಸಿನಲ್ಲೇ ಬರೆದು ನೋಡಿದೆ. ವೀರಪ್ಪನವರ ಜಾಗ ಆಸ್ತಿಯ ಕಡೆಗೆ ಹೋಗುತ್ತದೆ, ಸರಿ. ಹಳ್ಳಿಯವರು ಚಕ್ಕಡಿಯಲ್ಲಿ ತಂದು ಹಾಕಿದ ಜೋಳದ ಚೀಲಕ್ಕೆ ಬೆಲೆ ಕಟ್ಟಬಹುದು. ನಾಟಕದ ಟಿಕೆಟ್ ದುಡ್ಡು ಆದಾಯ. ವಹೀದ್ ಖಾನ್ ಸಾಹೇಬರು ಕೊಟ್ಟ ವಿದ್ಯೆಯನ್ನು ಎಲ್ಲಿ ಬರೆಯುವುದು? ರೊಟ್ಟಿ ಬಡಿದ ಹೆಣ್ಣುಮಕ್ಕಳ ಕೂಲಿ ಎಲ್ಲಿ? ನಮ್ಮ ಉಪನ್ಯಾಸಕರನ್ನು ಕೇಳಿದೆ. ಹಣದಲ್ಲಿ ಅಳೆಯಲಾಗದ್ದು ಪುಸ್ತಕಕ್ಕೆ ಬರುವುದಿಲ್ಲ ಎಂದು ಮೊದಲ ವರ್ಷದಲ್ಲೇ ಕಲಿಸಿದ್ದೇನೆ ಎಂದರು. ಕಲಿಸಿದ್ದು ನಿಜ.

ಗವಾಯಿಗಳನ್ನು ಪವಾಡ ಪುರುಷ ಎಂದು ಹೇಳುವ ಭಾಷಣಗಳನ್ನು ನಾನು ಎರಡು ಮೂರು ಕೇಳಿದ್ದೇನೆ. ಅವರ ಜೀವನದ ಸಿನಿಮಾ 1995ರಲ್ಲಿ ಬಂತು, ಹಂಸಲೇಖ ಅವರ ಸಂಗೀತಕ್ಕೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹಾಡಿಕೆಗೂ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಒಳ್ಳೆಯದೇ. ಆದರೆ ಪವಾಡ ಎಂದುಬಿಟ್ಟರೆ ಮಿಕ್ಕವರ ಕೆಲಸ ಮುಗಿದಂತೆ ಆಗುತ್ತದೆ, ಕೈ ಮುಗಿದು ಮನೆಗೆ ಹೋಗಬಹುದು. ಇಲ್ಲಿ ನಡೆದದ್ದನ್ನು ನೋಡಿ: ಒಬ್ಬರು ಹುಡುಗನನ್ನು ಗುರುತಿಸಿದರು, ಮೈಸೂರಿನವರು ಕಲಿಸಿದರು, ಕೈರಾನಾದವರು ಕಲಿಸಿದರು, ಗದುಗಿನ ವರ್ತಕರು ಜಾಗ ಕೊಟ್ಟರು, ಹಳ್ಳಿಯವರು ಕಾಳು ಕೊಟ್ಟರು, ಕಂಪನಿಗಳು, ಮಠಗಳು ಕೆಲಸ ಕೊಟ್ಟವು. ಇದರಲ್ಲಿ ಒಂದು ಕೊಂಡಿ ಕಳಚಿದ್ದರೂ ಗದಿಗೆಯ್ಯ ಕಾಡಶೆಟ್ಟಿಹಳ್ಳಿಯಲ್ಲೇ ಪದ ಹಾಡಿಕೊಂಡು ಇರುತ್ತಿದ್ದರು.

ಶಿಷ್ಯರಲ್ಲಿ ಇಬ್ಬರ ಬಗ್ಗೆ ಹೇಳಲೇಬೇಕು. ಮೊದಲನೆಯವರು ನಮ್ಮ ತಾಲೂಕಿನವರು. ಯಲಿವಾಳದ ಬಸವರಾಜ ರಾಜಗುರು. ಅವರಿಗೆ ಕಣ್ಣಿತ್ತು, ಆದರೆ ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡಿದ್ದರು. ಹಾಡಿನ ಹುಚ್ಚಿನಿಂದ ನಾಟಕ ಕಂಪನಿಯ ಹಿಂದೆ ತಿರುಗುತ್ತಿದ್ದ ಹುಡುಗ. ಗವಾಯಿಗಳು ಆ ಕಂಠ ಕೇಳಿ ತಮ್ಮ ಬಳಿಗೆ ಕರೆದುಕೊಂಡರು. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯಾಗಿ 600 ವರ್ಷ ತುಂಬಿದ್ದಕ್ಕೆ ಹಂಪಿಯಲ್ಲಿ ದೊಡ್ಡ ಉತ್ಸವ ನಡೆಯಿತು. ಅಲ್ಲಿ ರಾಜಗುರು ಹಾಡಿದರು. ತಬಲಾಕ್ಕೆ ಕುಳಿತವರು ಸ್ವತಃ ಗವಾಯಿಗಳು. ಗುರು ಮುಂದೆ ಕುಳಿತು ಹಾಡಿ ಶಿಷ್ಯನನ್ನು ಹಿಂದೆ ಕೂಡಿಸುವುದು ರೂಢಿ. ಇಲ್ಲಿ ಶಿಷ್ಯ ಮುಂದೆ, ಗುರು ಪಕ್ಕದಲ್ಲಿ ಠೇಕಾ ಹಿಡಿದು. ತರಬೇತಿ ಕೊಟ್ಟವರು ಮೊದಲ ದಿನದ ಕೆಲಸಕ್ಕೂ ಜೊತೆಯಲ್ಲಿ ಬರುವುದು ಎಂದರೆ ಇದೇ. ನನಗೆ ಗವಾಯಿಗಳ ಇಡೀ ಜೀವನದಲ್ಲಿ ಅತಿ ಇಷ್ಟವಾದ ಸಂಗತಿ ಇದು. ಗುರುಗಳು ತೀರಿಕೊಂಡ ಮೇಲೆ ರಾಜಗುರು ನಮ್ಮ ಸವಾಯಿ ಗಂಧರ್ವರ ಹತ್ತಿರವೂ, ಕರಾಚಿಯವರೆಗೆ ಹೋಗಿ ಅಲ್ಲಿನ ಉಸ್ತಾದರ ಹತ್ತಿರವೂ ಕಲಿತರು. 1991ರಲ್ಲಿ ತೀರಿಕೊಂಡರು. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂದಿತ್ತು. ಯಲಿವಾಳದಿಂದ ನಮ್ಮ ಕಾಲೇಜಿಗೆ ಬರುವವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಎರಡನೆಯವರು ಪುಟ್ಟರಾಜ ಗವಾಯಿಗಳು. 1914ರ ಮಾರ್ಚ್ 3ರಂದು ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿದರು. ಕೂಸಾಗಿದ್ದಾಗಲೇ ಕಣ್ಣು ಹೋಯಿತು. ತಂದೆತಾಯಿಯೂ ಉಳಿಯಲಿಲ್ಲ. ಸೋದರಮಾವ ಸಾಕಿದರು, ಹುಡುಗನಿಗೆ ಹಾರ್ಮೋನಿಯಂ ಕಡೆ ಒಲವಿರುವುದನ್ನು ಕಂಡು ಪಂಚಾಕ್ಷರಿ ಗವಾಯಿಗಳ ಕೈಗೆ ಒಪ್ಪಿಸಿದರು. ಮುಂದೆ ಆಶ್ರಮವನ್ನು ಹೊತ್ತವರು ಅವರೇ.

ಪಂಚಾಕ್ಷರಿ ಗವಾಯಿಗಳು 1944ರ ಜೂನ್ 11ರಂದು ತೀರಿಕೊಂಡರು. ವಯಸ್ಸು 52. ಅವರು ಬಿಟ್ಟು ಹೋದದ್ದು ಒಂದು ಜಾಗ, ಕೆಲವು ವಾದ್ಯ, ಉಣ್ಣಲು ಕುಳಿತ ಮಕ್ಕಳು. ಪುಟ್ಟರಾಜರು ನಾಟಕ ಬರೆದು, ಆಡಿಸಿ ದುಡ್ಡು ತಂದರು. ಬ್ರೈಲ್ ಕಲಿತು ಪುಸ್ತಕ ಬರೆದರು. ಭಕ್ತರು ಊರೂರಲ್ಲಿ ಅವರನ್ನು ತಕ್ಕಡಿಯಲ್ಲಿ ಕೂಡಿಸಿ ನಾಣ್ಯದಿಂದ ತುಲಾಭಾರ ಮಾಡಿದರೆ ಆ ನಾಣ್ಯ ಆಶ್ರಮದ ಮಕ್ಕಳ ಊಟಕ್ಕೆ. 2010ರ ಸೆಪ್ಟೆಂಬರ್ 17ರಂದು ಅವರು ತೀರಿಕೊಳ್ಳುವವರೆಗೆ 66 ವರ್ಷ ಹೀಗೆಯೇ ನಡೆಯಿತು. ಆಶ್ರಮ ಈಗಲೂ ಇದೆ, ಕಣ್ಣಿಲ್ಲದ ಮಕ್ಕಳು ಈಗಲೂ ಕಲಿಯುತ್ತಾರೆ. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಶುರುವಾದಾಗ ಸಂಗೀತ ಕಲಿತವರಿಗೆ ಇನ್ನೊಂದು ಬಾಗಿಲು ತೆರೆಯಿತು. ಗುರುಗಳು ಅದನ್ನು ಕೇಳಲು ಇರಲಿಲ್ಲ.

ಇಂಥ ಕೂಡುಕೆಲಸ ಬೇರೆ ರೂಪದಲ್ಲಿಯೂ ನಡೆದಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂವರೂ ಸೇರಿ ರುಡ್‌ಸೆಟ್ ಸಂಸ್ಥೆ ತೆರೆದರು. ಕೆಲಸವಿಲ್ಲದ ಹಳ್ಳಿಯ ಹುಡುಗ ಹುಡುಗಿಯರಿಗೆ ಊಟ ವಸತಿ ಕೊಟ್ಟು, ಫೀ ಇಲ್ಲದೆ, ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆ ಇಂಥವನ್ನು ಕಲಿಸುತ್ತಾರೆ, ಆಮೇಲೆ ಬ್ಯಾಂಕ್ ಸಾಲಕ್ಕೂ ದಾರಿ ತೋರಿಸುತ್ತಾರೆ. ಧಾರವಾಡದಲ್ಲೂ ಇದರ ಶಾಖೆ ಇದೆ. ನಮ್ಮ ಓಣಿಯಲ್ಲಿ ಈ ಹೆಸರು ಕೇಳಿದವರು ಎಷ್ಟು ಮಂದಿ ಎಂದು ವಿಚಾರಿಸಿದೆ. ಮೂವರು.

ನಾನು ಇದನ್ನೆಲ್ಲ ಹುಡುಕಿದ್ದಕ್ಕೆ ಒಂದು ಕಾರಣವಿದೆ. ನನ್ನ ಚಾಚಾನ ಮಗನಿಗೆ 14 ವರ್ಷ. ಮೊದಲು ಸಂಜೆಯಾದರೆ ಕಾಣುತ್ತಿರಲಿಲ್ಲ, ಈಗ ಹಗಲಲ್ಲೂ ಬೋರ್ಡಿನ ಮೇಲಿನ ಅಕ್ಷರ ಕಾಣುವುದಿಲ್ಲ. ಕನ್ನಡಕದಿಂದ ಸರಿಹೋಗುವುದಲ್ಲ, ಕ್ರಮೇಣ ಇನ್ನೂ ಕಡಿಮೆಯಾಗುತ್ತದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟ. ಚಾಚಾ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಇದ್ದರು, ಅದು ಮುಚ್ಚಿದ ಮೇಲೆ ಹಮಾಲಿ ಮಾಡುತ್ತಿದ್ದಾರೆ. ಹುಡುಗ ಮನೆಯಲ್ಲೇ ಇರಲಿ, ನಾನಿರುವ ತನಕ ಅನ್ನಕ್ಕೆ ಕೊರತೆ ಇಲ್ಲ ಎನ್ನುತ್ತಾರೆ. ಆ ಮಾತಿನಲ್ಲಿ ಪ್ರೀತಿ ಇದೆ, ನನಗೆ ಗೊತ್ತು. ಆದರೆ ಅವನಿಗೆ 40 ವರ್ಷ ಆದಾಗ ಚಾಚಾಗೆ ಎಷ್ಟಾಗಿರುತ್ತದೆ ಎಂದು ನಾನು ಲೆಕ್ಕ ಹಾಕುತ್ತೇನೆ.

ಅವನನ್ನು ಗದಗಕ್ಕೆ ಕಳಿಸಬಹುದಲ್ಲ ಎಂದು ಕೇಳುವಿರಿ. ಅವನಿಗೆ ಹಾಡಲು ಬರುವುದಿಲ್ಲ, ತಬಲಾದ ಕಡೆ ಮನಸ್ಸೂ ಇಲ್ಲ. ಲೆಕ್ಕ ಚೆನ್ನಾಗಿ ಬರುತ್ತದೆ. ಮಂಡಿಯ ಹತ್ತು ಜನರ ಫೋನ್ ನಂಬರ್ ಬಾಯಲ್ಲೇ ಹೇಳುತ್ತಾನೆ. ಮೆಣಸಿನಕಾಯಿ ಚೀಲದ ತೂಕ, ದರ ಹೇಳಿದರೆ ನಾನು ಮೊಬೈಲ್ ತೆಗೆಯುವುದರೊಳಗೆ ಒಟ್ಟು ಹೇಳಿರುತ್ತಾನೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಈಗ ಉಚಿತವಾಗಿ ಸಿಗುತ್ತದೆ. ಅದರಿಂದ ಕಣ್ಣು ಕಾಣದವರು ಬ್ಯಾಂಕುಗಳಲ್ಲಿ, ಕಚೇರಿಗಳಲ್ಲಿ ಕೆಲಸ ಮಾಡುತ್ತಿದ್ದಾರೆ. 2016ರ ಕಾಯ್ದೆಯ ಪ್ರಕಾರ ಸರಕಾರಿ ಕೆಲಸಗಳಲ್ಲಿ ಅಂಗವಿಕಲರಿಗೆ ಶೇಕಡ 4 ಮೀಸಲು ಇದೆ, ಅದರಲ್ಲಿ ಶೇಕಡ 1 ದೃಷ್ಟಿ ಇಲ್ಲದವರಿಗೆ ಮತ್ತು ಮಂದ ಇರುವವರಿಗೆ. ಆದರೆ ಅದಕ್ಕೆ ಮೊದಲು ಹತ್ತನೆಯ ತರಗತಿ ಪಾಸಾಗಬೇಕು, ಕಂಪ್ಯೂಟರ್ ಕಲಿಯಬೇಕು.

ಹಾಗಾಗಿ ನಾನು ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆದಿದ್ದೇನೆ. ನಮ್ಮ ಕಂಪ್ಯೂಟರ್ ಲ್ಯಾಬ್ ರವಿವಾರ ಮುಚ್ಚಿರುತ್ತದೆ. ಎರಡು ತಾಸು ತೆರೆದು, ಆ ತಂತ್ರಾಂಶ ಹಾಕಿಕೊಟ್ಟರೆ ಸಾಕು. ಅವನೊಬ್ಬನಿಗೇ ಅಲ್ಲ, ವಿಚಾರಿಸಿದಾಗ ಕುಂದಗೋಳದಲ್ಲೇ ಇನ್ನೂ ಇಬ್ಬರು ಇದ್ದಾರೆ ಎಂದು ತಿಳಿಯಿತು. ಒಬ್ಬಳು ಲಿಂಗಾಯತರ ಓಣಿಯ ಹುಡುಗಿ. ಜಮಾತಿನ ಹಿರಿಯರು ಜಕಾತ್ ಹಣದಿಂದ ಹೆಡ್‌ಫೋನ್ ಮತ್ತು ಬಸ್ಸಿನ ಖರ್ಚು ಕೊಡಲು ಆಗುತ್ತದೋ ನೋಡುತ್ತೇವೆ ಎಂದಿದ್ದಾರೆ. ಕಲಿಸಲು ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿ ಒಬ್ಬರು ಒಪ್ಪಿದ್ದಾರೆ, ಅವರು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ, ರವಿವಾರ ಊರಿಗೆ ಬರುತ್ತಾರೆ. ಹತ್ತನೆಯ ತರಗತಿಯ ಪಾಠ ಓದಿ ಹೇಳಲು ವಾರಕ್ಕೆ ಒಂದು ತಾಸು ಕೊಡುವವರು ಬೇಕು. ಕಲಾ ವಿಭಾಗದಿಂದ ನಾಲ್ವರು, ನಮ್ಮ ವಿಭಾಗದಿಂದ ಇಬ್ಬರು ಹೆಸರು ಕೊಟ್ಟಿದ್ದಾರೆ. ವಿಜ್ಞಾನ ವಿಭಾಗದಿಂದ ಇನ್ನೂ ಯಾರೂ ಇಲ್ಲ, ಗಣಿತಕ್ಕೆ ಅವರೇ ಬೇಕು.

ಚಾಚಾ ಇನ್ನೂ ಒಪ್ಪಿಲ್ಲ. ಕಳೆದ ವಾರ ಊಟಕ್ಕೆ ಕುಳಿತಾಗ ಯಲಿವಾಳದ ರಾಜಗುರು ಹಾಡಿದಾಗ ಪಕ್ಕದಲ್ಲಿ ತಬಲಾ ಹಿಡಿದು ಕುಳಿತ ಕುರುಡ ಗುರುವಿನ ಕಥೆ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ರವಿವಾರ ಲ್ಯಾಬ್ ಎಷ್ಟು ಗಂಟೆಗೆ ತೆರೆಯುತ್ತಾರೆ ಎಂದು ಕೇಳಿದರು. ಅರ್ಜಿ ಪ್ರಾಂಶುಪಾಲರ ಮೇಜಿನ ಮೇಲಿದೆ. ಹೆಸರು ಕೊಡುವವರು ಗ್ರಂಥಾಲಯದ ಪಕ್ಕದ ಫಲಕದ ಮೇಲಿನ ಹಾಳೆಯಲ್ಲಿ ಬರೆಯಬಹುದು.